ಎಂಜಲು ಗ್ಲಾಸಿನ ಜಾತ್ರೆ

ಕೆಲಸಕ್ಕೆ ಅಂತ ಜರ್ಮನಿಯ ಮನ್‌ಹೈಮ್‌ಗೆ ಬಂದ ಮೊದಲ ವರ್ಷವೇ ಆಫೀಸಿನಲ್ಲಿ ಎಲ್ಲರೂ ಕೇಳಿದ್ದರು: "ವುರ್ಸ್ಟ್‌ಮಾರ್ಕ್ಟ್‌ಗೆ ಹೋಗಲ್ವಾ?" ವುರ್ಸ್ಟ್ ಅಂದರೆ ಸಾಸೇಜ್. ಮಾಂಸ ತಿನ್ನದ ನನಗೆ ಸಾಸೇಜ್ ಸಂತೆಯಲ್ಲಿ ಏನು ಕೆಲಸ ಅಂತ ಸುಮ್ಮನಿದ್ದುಬಿಟ್ಟೆ. ಹೆಸರು ಹಾಗಿದ್ದರೂ ಅದು ವೈನ್ ಹಬ್ಬ, ಅದೂ ಜಗತ್ತಿನಲ್ಲೇ ಅತಿ ದೊಡ್ಡದು ಅಂತ ಊರವರು ಹೇಳಿಕೊಳ್ಳುವಂಥದ್ದು ಎನ್ನುವುದು ತಡವಾಗಿ ಗೊತ್ತಾಯಿತು.

ನಡೆಯುವುದು ಬಾಡ್ ಡ್ಯುರ್ಕ್‌ಹೈಮ್ ಎಂಬ ಪುಟ್ಟ ಊರಿನಲ್ಲಿ, ಸೆಪ್ಟೆಂಬರ್‌ನ ಎರಡನೇ ಮತ್ತು ಮೂರನೇ ವಾರಾಂತ್ಯ. ಮನ್‌ಹೈಮ್‌ನಲ್ಲಿ 4ನೇ ನಂಬರ್ ಟ್ರಾಮ್ ಹತ್ತಿದರೆ ರೈನ್ ನದಿ ದಾಟಿ, ದ್ರಾಕ್ಷಿ ತೋಟಗಳನ್ನು ಹಾದು ನೇರ ಅಲ್ಲಿಗೇ. ಕುಡಿಯೋಕೆ ಹೋಗುವವರು ಕಾರಿನ ಯೋಚನೆಯನ್ನೇ ಮಾಡಬಾರದು.

ಮೊದಲು ಶನಿವಾರ ಸಂಜೆ ಹೋಗಿ ಕೆಟ್ಟೆ. ಕೂರೋಕೆ ಇರಲಿ, ನಿಲ್ಲೋಕೂ ಜಾಗವಿಲ್ಲ. ಒಂದು ಗಂಟೆ ತಳ್ಳಿಸಿಕೊಂಡು ವಾಪಸ್ ಬಂದೆ. ವಾರಾಂತ್ಯ ಅಂತ ಹೆಸರಿಗೆ, ಹಬ್ಬ ಸೋಮವಾರವೂ ಇರುತ್ತದೆ. ಅರ್ಧ ದಿನ ರಜೆ ಹಾಕಿ ಸೋಮವಾರ ಮಧ್ಯಾಹ್ನ ಮತ್ತೆ ಹೋದೆ. ಈ ಸಲ ಜೊತೆಗೆ ನನ್ನ ಸಹೋದ್ಯೋಗಿ ಇದ್ದರು. ಅದೇ ಸೀಮೆಯವರು, ನಿವೃತ್ತಿಗೆ ಹತ್ತಿರವಾದ ಹೆಂಗಸು.

ದಾರಿಯಲ್ಲಿ ಅವರು ಕತೆ ಹೇಳಿದರು. ಹಿಂದೆ ಊರ ಪಕ್ಕದ ಗುಡ್ಡದ ಮೇಲೆ ಸಂತ ಮೈಕೆಲನ ಗುಡಿಯಿತ್ತಂತೆ. ಹರಕೆಯ ಜನ ಅಲ್ಲಿಗೆ ಬರುತ್ತಿದ್ದರು. ಅವರಿಗೆ ಮಾರಲು ರೈತರು ವೈನ್, ಬ್ರೆಡ್, ಸಾಸೇಜ್‌ಗಳನ್ನು ಒಂಟಿ ಚಕ್ರದ ತಳ್ಳುಗಾಡಿಯಲ್ಲಿ ಗುಡ್ಡಕ್ಕೆ ತಳ್ಳಿಕೊಂಡು ಹೋಗುತ್ತಿದ್ದರು. 1417ರ ದಾಖಲೆಯಿದೆ. ಸಾಸೇಜ್ ಸಂತೆ ಅನ್ನೋ ಹೆಸರು ಬಿದ್ದದ್ದು 1832ರಲ್ಲಿ. ಬೆಟ್ಟದ ಮೇಲೆ ದೇವರು, ಕೆಳಗೆ ತಿಂಡಿ ಅಂಗಡಿ, ಪಕ್ಕದಲ್ಲಿ ತಿರುಗುವ ತೊಟ್ಟಿಲು. ಇದು ಜಾತ್ರೆಯೇ ಅಲ್ವಾ! ಬೆಂಡು ಬತ್ತಾಸು ಇಲ್ಲ, ಅಷ್ಟೇ.

ಆ ತಳ್ಳುಗಾಡಿಗಳ ಹೆಸರು ಇವತ್ತಿಗೂ ಅಲ್ಲಿನ ವೈನ್ ಅಂಗಡಿಗಳಿಗಿದೆ. ಶುಬ್‌ಕಾರ್ಶ್ ಅಂತಾರೆ. ಮೇಲೊಂದು ಹೊದಿಕೆ, ಕೆಳಗೆ ಉದ್ದನೆಯ ಕಿರಿದಾದ ಮೇಜು, ಬೆಂಚು. ಮದುವೆ ಮನೆಯ ಪಂಕ್ತಿಯ ಹಾಗೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂರಬೇಕು. ಪಕ್ಕದವರು ಯಾರೋ ಏನೋ, ಎರಡೇ ನಿಮಿಷದಲ್ಲಿ ಮಾತು ಶುರು.

ನಾವು ಕೂತ ಮೇಜಿಗೆ ರೀಸ್ಲಿಂಗ್ ಶೋರ್ಲೆ ಬಂತು. ಬಿಳಿ ವೈನ್‌ಗೆ ಸೋಡಾ ಬೆರೆಸಿದ್ದು. ಹೆಸರಿಗೆ ಸೋಡಾ, ಈ ಸೀಮೆಯಲ್ಲಿ ವೈನೇ ಜಾಸ್ತಿ. ಗ್ಲಾಸ್ ಅರ್ಧ ಲೀಟರಿನದು, ಮೈತುಂಬ ಗುಂಡು ಗುಳಿಗಳು. ಡುಬ್ಬೆಗ್ಲಾಸ್ ಅಂತ ಹೆಸರು. ಕಟುಕರ ಜಿಡ್ಡು ಕೈಯಿಂದ ಜಾರದಿರಲಿ ಅಂತ ಈ ಗುಳಿ ಮಾಡಿದ್ದು ಎನ್ನುತ್ತಾರೆ. ಆದರೆ ನಾಲ್ಕು ಜನಕ್ಕೆ ಬಂದದ್ದು ಒಂದೇ ಗ್ಲಾಸ್. ಎದುರಿನ ಅಪರಿಚಿತ ಗಂಡಸು ಒಂದು ಗುಟುಕು ಕುಡಿದು ಹೆಂಡತಿಗೆ ಕೊಟ್ಟ. ಆಕೆ ಕುಡಿದು ನನ್ನ ಕಡೆ ಚಾಚಿದಳು.

ಎಂಜಲು! ಚಿಕ್ಕಂದಿನಿಂದ ಅಜ್ಜಿ ಕಿವಿ ಹಿಂಡಿ ಕಲಿಸಿದ ಪಾಠ ಒಂದೇ: ಕಚ್ಚಿ ಕುಡೀಬೇಡ, ಎತ್ತಿ ಕುಡಿ. ಬೇಡ ಅನ್ನೋಕೆ ಸಂಕೋಚ. ಕೈ ತಾನಾಗಿ ಗ್ಲಾಸನ್ನು ಮೇಲೆತ್ತಿತು, ತಲೆ ಹಿಂದೆ ವಾಲಿತು. ಮನೆಯ ಲೋಟಕ್ಕೆ ಅಂಚು ಮಡಿಚಿರುತ್ತದೆ, ಧಾರೆ ನೆಟ್ಟಗೆ ಬೀಳುತ್ತದೆ. ಈ ಗ್ಲಾಸಿಗೆ ಅಂಥ ಅಂಚಿಲ್ಲ. ಅರ್ಧ ವೈನ್ ಗಲ್ಲಕ್ಕೆ, ಅಂಗಿಗೆ, ಸ್ವಲ್ಪ ಮೂಗಿಗೂ. ಇಡೀ ಮೇಜು ಚಪ್ಪಾಳೆ ತಟ್ಟಿತು. ಅದೇನೋ ಭಾರತದ ಕಸರತ್ತು ಅಂದುಕೊಂಡರೋ ಏನೋ, ಮತ್ತೊಮ್ಮೆ ಮಾಡಿ ಅಂದರು. ಅಲ್ಲದೆ ಎತ್ತಿ ಕುಡಿದರೆ ವೈನಿನ ವಾಸನೆ ಮೂಗಿಗೆ ಸಿಗುವುದೇ ಇಲ್ಲ, ಹುಳಿ ಮಾತ್ರ ಗಂಟಲಿಗೆ. ಗ್ಲಾಸ್ ಎರಡನೇ ಸುತ್ತು ಬಂದಾಗ ಕಣ್ಣು ಮುಚ್ಚಿ ಕಚ್ಚಿಯೇ ಕುಡಿದೆ. ಹಸಿರು ಸೇಬಿನ ವಾಸನೆ. ಚೆನ್ನಾಗಿತ್ತು.

ಇನ್ನು ಊಟ. ಇಲ್ಲಿನ ಹೆಮ್ಮೆಯ ಅಡುಗೆ ಸಾವ್‌ಮಾಗೆನ್. ಹಂದಿಯ ಹೊಟ್ಟೆಯೊಳಗೆ ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ್ದು. ಜರ್ಮನಿಯ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆಗಿದ್ದ ಹೆಲ್ಮುಟ್ ಕೋಲ್ ಇದೇ ಸೀಮೆಯವರು, ಬಂದ ಎಷ್ಟೋ ವಿದೇಶಿ ನಾಯಕರಿಗೆ ಇದನ್ನೇ ಬಡಿಸುತ್ತಿದ್ದರು. ನನಗೆ ಬೇಡ. ಈರುಳ್ಳಿ ಕೇಕ್ ಅಂತ ಬೋರ್ಡ್ ನೋಡಿ ಖುಷಿಯಾದೆ. ಮಾಂಸ ಇದೆಯಾ ಅಂತ ಕೇಳಿದರೆ "ಇಲ್ಲ, ಸ್ವಲ್ಪ ಬೇಕನ್ ಅಷ್ಟೇ" ಎಂದರು! ಬೇಕನ್ ಅಂದರೆ ಹಂದಿ ಮಾಂಸವೇ. ಹಾಗಾಗಿ ಸಸ್ಯಾಹಾರಿಗಳು ಮಾಂಸ ಅಂತ ಕೇಳಬಾರದು, ಬೇಕನ್ ಇದೆಯಾ ಅಂತಲೇ ಕೇಳಬೇಕು. ಕೊನೆಗೆ ನನ್ನನ್ನು ಕಾಪಾಡಿದ್ದು ತುರಿದ ಆಲೂಗಡ್ಡೆಯ ರೊಟ್ಟಿ. ಬಿಸಿಬಿಸಿ, ಅಂಚು ಗರಿಗರಿ. ಜೊತೆಗೆ ಸೇಬಿನ ಗೊಜ್ಜು ಕೊಡುತ್ತಾರೆ, ಸಿಹಿ. ನಾನು ಚೀಲದಲ್ಲಿದ್ದ ಚಟ್ನಿಪುಡಿ ತೆಗೆದೆ. ಎಂಜಲು ಗ್ಲಾಸ್ ಕೊಟ್ಟ ದಂಪತಿಯೂ ಕೈ ಚಾಚಿದರು. ಆಮೇಲೆ ಡಾಂಪ್ಫ್‌ನೂಡೆಲ್ ತಿಂದೆವು. ಹಬೆಯಲ್ಲಿ ಬೆಂದ ಬನ್ನು, ತಳದಲ್ಲಿ ಉಪ್ಪುಪ್ಪು ಗರಿಗರಿ ಪದರ, ಮೇಲೆ ವೈನಿನ ಸಾಸ್. ಆ ತಳಕ್ಕಾಗಿಯೇ ಇನ್ನೊಂದು ತಿನ್ನಬಹುದು.

ಪಕ್ಕದಲ್ಲೇ 1934ರಲ್ಲಿ ಕಟ್ಟಿದ ದೈತ್ಯ ಪೀಪಾಯಿಯಿದೆ. 17 ಲಕ್ಷ ಲೀಟರ್ ಹಿಡಿಯುತ್ತದಂತೆ, ಆದರೆ ಒಳಗಿರುವುದು ಹೋಟೆಲ್. ಫೋಟೊ ಹೊಡೆದು ಮುಂದೆ ಹೋದೆವು.

ಹೊರಡುವ ಮುಂಚೆ ಅಂಗಡಿಯಲ್ಲಿ ಒಂದು ಡುಬ್ಬೆಗ್ಲಾಸ್ ಕೊಂಡೆ. ಒದ್ದೆ ಕೈಯಲ್ಲೂ ಜಾರುವುದಿಲ್ಲ. ಈಗ ಅದರಲ್ಲಿ ದಿನಾ ಮಜ್ಜಿಗೆ.