ಬರ್ಲಿನ್‌ನಲ್ಲಿ ಮೊದಲ ದಿನ: ಗೋಡೆಯ ಜಾಡು ಹಿಡಿದು

ಬರ್ಲಿನ್‌ಗೆ ಮೊದಲ ಸಲ ಹೋಗುವವರ ಕೈಯಲ್ಲಿ ಟಿವಿ ಟವರ್, ಮ್ಯೂಸಿಯಂ, ಹಳೆಯ ಗಡಿ ಠಾಣೆ ಚೆಕ್‌ಪಾಯಿಂಟ್ ಚಾರ್ಲಿ ಅಂತ ಉದ್ದದ ಪಟ್ಟಿ ಇರುತ್ತದೆ. ನಾನು ಪೂರ್ವ ಬರ್ಲಿನ್‌ನವರು ಪಶ್ಚಿಮ ಬರ್ಲಿನ್‌ಗೆ ಹೋಗದಂತೆ ಕಟ್ಟಿದ್ದ ಹಳೆಯ ಗೋಡೆ ಇದ್ದ ಜಾಗವನ್ನೇ ಹಿಡಿದು ನಡೆದೆ. ಒಂದೇ ದಿನ ಬಿಡುವಿದ್ದರೆ ಈಗಲೂ ಹಾಗೇ ಮಾಡುತ್ತೇನೆ.

ಆಗ ಮಾಗ್ಡೆಬರ್ಗ್‌ನಲ್ಲಿ ಎಂಎಸ್ ಓದುತ್ತಿದ್ದೆ. ಅಲ್ಲಿಂದ ಆರ್‌ಇ1 ರೈಲು ನೇರವಾಗಿ ಬರ್ಲಿನ್‌ಗೆ ಹೋಗುತ್ತದೆ. ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ ಇದ್ದರೆ ರೈಲಿಗೆ ಬೇರೆ ಖರ್ಚಿಲ್ಲ, ಊರೊಳಗಿನ ಬಸ್ಸು, ಮೆಟ್ರೋಗೂ ಅದೇ ಸಾಕು. ಐಸಿಇ ಅನ್ನುವ ವೇಗದ ರೈಲು ಮಾತ್ರ ಹತ್ತಬೇಡಿ, ಅದರಲ್ಲಿ ಈ ಟಿಕೆಟ್ ನಡೆಯುವುದಿಲ್ಲ. ಭಾನುವಾರವಾದ್ದರಿಂದ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ ಅಂತ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡಿದ್ದೆ.

ಇಳಿದದ್ದು ಫ್ರೀಡ್ರಿಷ್‌ಸ್ಟ್ರಾಸೆ ಸ್ಟೇಷನ್‌ನಲ್ಲಿ. ಪಕ್ಕದಲ್ಲೇ ಗಾಜಿನ ಗೋಡೆಯ ಹಳೆಯ ಕಟ್ಟಡವಿದೆ. ಜನ ಅದನ್ನು ಕಣ್ಣೀರಿನ ಅರಮನೆ ಅಂತ ಕರೆದರು. ಪೂರ್ವ ಬರ್ಲಿನ್‌ಗೆ ಬಂದ ನೆಂಟರು ಪಶ್ಚಿಮಕ್ಕೆ ವಾಪಸ್ ಹೊರಡುವಾಗ ಪೂರ್ವದವರು ಅವರನ್ನು ಬೀಳ್ಕೊಡುತ್ತಿದ್ದುದು ಇಲ್ಲೇ. ಪಾಸ್‌ಪೋರ್ಟ್ ನೋಡುತ್ತಿದ್ದ ಇಕ್ಕಟ್ಟಾದ ಗೂಡನ್ನು ಹಾಗೇ ಉಳಿಸಿದ್ದಾರೆ. ಅದರೊಳಗೆ ನಿಂತಾಗ ನನಗೆ ವೀಸಾ ಕೌಂಟರ್ ಮುಂದೆ ಎದೆ ಹೊಡೆದುಕೊಂಡದ್ದು ನೆನಪಾಯಿತು. ನನಗೆ ರಜೆಗೆ ಊರಿಗೆ ಹೋಗುವ ದಾರಿ ಇತ್ತು. ಇಲ್ಲಿ ಕೈಬೀಸಿ ನಿಂತವರಿಗೆ ಆ ಕಡೆ ಹೋಗುವ ದಾರಿಯೇ ಇರಲಿಲ್ಲ, ಅಲ್ವಾ?

ಅಲ್ಲಿಂದ ಬ್ರಾಂಡೆನ್‌ಬರ್ಗ್ ಗೇಟ್‌ವರೆಗೆ ನಡಿಗೆ. ಎಲ್ಲರೂ ಮೇಲಿನ ಕುದುರೆ ರಥದ ಫೋಟೋ ತೆಗೆಯುತ್ತಿರುತ್ತಾರೆ. ಗೇಟ್ ದಾಟಿ ಪಶ್ಚಿಮದ ಕಡೆ ಬಂದು ಕಾಲ ಕೆಳಗೆ ನೋಡಿ. ಡಾಂಬರಿನ ನಡುವೆ ಎರಡು ಸಾಲು ಕಲ್ಲು ಹಾಸಿದ್ದಾರೆ. ಅಲ್ಲಲ್ಲಿ ಲೋಹದ ಪಟ್ಟಿಯ ಮೇಲೆ ‘ಬರ್ಲಿನರ್ ಮಾವರ್ 1961–1989’, ಅಂದರೆ ಬರ್ಲಿನ್ ಗೋಡೆ, ಅಂತಿದೆ. ಕಾರು, ಸೈಕಲ್ ಅದರ ಮೇಲೇ ಹೋಗುತ್ತಿರುತ್ತವೆ. ಈ ಗೆರೆ ಹಿಡಿದು ದಕ್ಷಿಣಕ್ಕೆ ನಡೆದರೆ ಎಡಕ್ಕೆ ನಾಜಿಗಳು ಕೊಂದ ಯಹೂದಿಗಳ ಸ್ಮಾರಕದ 2700ಕ್ಕೂ ಹೆಚ್ಚು ಕಾಂಕ್ರೀಟ್ ದಿಮ್ಮಿಗಳು, ಆಮೇಲೆ ಪಾಟ್ಸ್‌ಡಾಮರ್ ಪ್ಲಾಟ್ಸ್. ಚೆಕ್‌ಪಾಯಿಂಟ್ ಚಾರ್ಲಿ ಅಲ್ಲಿಂದ ದೂರವಿಲ್ಲ, ಆದರೂ ಬಿಟ್ಟೆ. ಅಲ್ಲಿರುವ ಕಾವಲು ಗೂಡು ನಕಲು.

ಉಳಿದ ಹೊತ್ತೆಲ್ಲ ಬೆರ್ನಾವರ್ ಸ್ಟ್ರಾಸೆಗೆ ಕೊಟ್ಟೆ. ಪಾಟ್ಸ್‌ಡಾಮರ್ ಪ್ಲಾಟ್ಸ್‌ನಿಂದ ಎಸ್-ಬಾನ್ ಅನ್ನುವ ಊರೊಳಗಿನ ರೈಲು ಹಿಡಿದು ನಾರ್ಡ್‌ಬಾನ್‌ಹೋಫ್‌ನಲ್ಲಿ ಇಳಿಯಬೇಕು. ಗೋಡೆ ಇದ್ದಷ್ಟು ಕಾಲ ಪೂರ್ವಕ್ಕೆ ಸೇರಿದ್ದ ಈ ನಿಲ್ದಾಣದಲ್ಲಿ ಪಶ್ಚಿಮದ ರೈಲುಗಳು ನಿಲ್ಲದೆ ಹಾದು ಹೋಗುತ್ತಿದ್ದವು. ಈ ಬೀದಿಯ ಒಂದು ಬದಿಯ ಮನೆಗಳು ಪೂರ್ವಕ್ಕೆ ಸೇರಿದ್ದವು, ಅವುಗಳ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ. 1961ರ ಆಗಸ್ಟ್‌ನಲ್ಲಿ ಜನ ಕಿಟಕಿಯಿಂದ ಹಾರಿದರು. ಕೆಲವರು ಸತ್ತರು. ಆಮೇಲೆ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿದರು.

ಮುಂದಿನ, ಹಿಂದಿನ ಗೋಡೆಗಳ ನಡುವಿನ ಗಡಿಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದ ಚರ್ಚನ್ನು 1985ರಲ್ಲಿ ಸ್ಫೋಟಿಸಿ ಕೆಡವಿದರು. ಅದೇ ಜಾಗದಲ್ಲಿ ಈಗ ಒಂದು ಪುಟ್ಟ ಪ್ರಾರ್ಥನಾ ಮಂದಿರವಿದೆ. ಅದರ ಗೋಡೆ ಪೂರಾ ಮಣ್ಣಿನದು, ಪದರ ಪದರವಾಗಿ ಕುಟ್ಟಿ ಕಟ್ಟಿದ್ದು. ಹತ್ತಿರ ಹೋಗಿ ನೋಡಿದರೆ ಹಳೆಯ ಚರ್ಚಿನ ಚೂರುಗಳು ಮಣ್ಣಿನಲ್ಲಿ ಕಾಣುತ್ತವೆ. ಪಕ್ಕದಲ್ಲಿ ರೈ ಅನ್ನುವ ಧಾನ್ಯ ಬೆಳೆಯುತ್ತಾರೆ. ಇಡೀ ದಿನದಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಇದೇ.

ಎದುರಿನ ದಾಖಲೆ ಕೇಂದ್ರದ ಗೋಪುರ ಹತ್ತಲೇಬೇಕು. ಮುಂದಿನ ಗೋಡೆ, ಹಿಂದಿನ ಗೋಡೆ, ನಡುವಿನ ಬಯಲು, ಕಾವಲು ಗೋಪುರ ಎಲ್ಲ ಒಟ್ಟಿಗೆ ಕಾಣುವುದು ಅಲ್ಲಿಂದಲೇ. ಈ ಕೇಂದ್ರಕ್ಕೂ ಕಣ್ಣೀರಿನ ಅರಮನೆಗೂ ಪ್ರವೇಶ ಉಚಿತ. ಸೋಮವಾರ ಎರಡೂ ಮುಚ್ಚಿರುತ್ತವೆ, ಆ ದಿನ ಬಿಟ್ಟು ಹೋಗಿ.