ಸೊಪ್ಪಿನ ಬೆಟ್ಟದ ಮರಗಳನ್ನು ಬಟ್ಟೆಗೆ ಇಳಿಸಿದ್ದು

ಶಿರಸಿ ಕಡೆಯವನು ಕಾಡಿನ ಬಗ್ಗೆ ಕಲಾಕೃತಿ ಮಾಡ್ತಿದ್ದೇನೆ ಅಂದರೆ ಎಲ್ಲರೂ ಅಪ್ಪಿಕೋ ಚಳವಳಿಯನ್ನು ನೆನೆಯುತ್ತಾರೆ. 1983ರಲ್ಲಿ ಸಾಲ್ಕಣಿಯ ಜನ ಮರ ತಬ್ಬಿ ನಿಂತು ಕೊಡಲಿ ತಡೆದರು. ಅದು ದೊಡ್ಡ ಸಂಗತಿ. ಆದರೆ ನಮ್ಮ ಕಡೆಯವರು ವರ್ಷವಿಡೀ ಮರದ ಹತ್ತಿರ ಹೋಗುವುದು ಕತ್ತಿ ಹಿಡಿದೇ, ಅಲ್ವಾ? ನನಗೆ ತೋರಿಸಬೇಕು ಅನಿಸಿದ್ದು ಆ ನಂಟನ್ನು.

ಅಡಿಕೆ ತೋಟದವರಿಗೆ ಇಲ್ಲಿ ಸೊಪ್ಪಿನ ಬೆಟ್ಟ ಇರುತ್ತದೆ. ಜಾಗ ಸರ್ಕಾರದ್ದು, ಸೊಪ್ಪು, ದರಕು ಅಂದರೆ ಉದುರಿದ ಒಣ ಎಲೆ, ಇವುಗಳ ಹಕ್ಕು ತೋಟದವರದ್ದು. ಸೊಪ್ಪು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ ತೋಟ ಸೇರುತ್ತದೆ. ತಲೆಮಾರುಗಳಿಂದ ಟೊಂಗೆ ಸವರಿಸಿಕೊಂಡ ಮರಗಳ ಮೈತುಂಬ ಗಂಟು. ಆ ಗಂಟುಗಳ ಅಚ್ಚು ತೆಗೆಯುವುದೇ ನನ್ನ ಕೆಲಸ.

ತೆಳು ಹತ್ತಿ ಬಟ್ಟೆ ಬೇಕು. ಹಳೇ ಪಂಚೆಯಾದರೂ ಸಾಕು. ಮರಕ್ಕೆ ಬಿಗಿಯಾಗಿ ಸುತ್ತಿ ಹಗ್ಗ ಕಟ್ಟುತ್ತೇನೆ, ಮೊಳೆ ಹೊಡೆಯುವುದಿಲ್ಲ. ಒಲೆಯ ಇದ್ದಿಲನ್ನು ನುಣ್ಣಗೆ ಅರೆದು, ಕರಗಿಸಿದ ಜೇನುಮೇಣಕ್ಕೆ ಕಲಸಿ ಉಂಡೆ ಮಾಡಿಟ್ಟುಕೊಂಡಿರುತ್ತೇನೆ. ಬರೀ ಇದ್ದಿಲಾದರೆ ಉದುರಿಹೋಗುತ್ತದೆ. ಬಟ್ಟೆಯ ಮೇಲೆ ಉಂಡೆಯನ್ನು ಹಗುರವಾಗಿ ಉಜ್ಜಬೇಕು. ಜಾಸ್ತಿ ಒತ್ತಿದರೆ ಎಲ್ಲಾ ಒಂದೇ ಕಪ್ಪು. ಮಳೆಗಾಲದಲ್ಲಿ ತೊಗಟೆ ತುಂಬ ಪಾಚಿ, ಬೇಸಿಗೆಯೇ ಇದಕ್ಕೆ ಹದ.

ಮತ್ತಿ ಮರ ಸಲೀಸು. ಮೊಸಳೆ ಬೆನ್ನಿನಂಥ ತೊಗಟೆ, ಒಂದೊಂದು ಚೌಕವೂ ಮೂಡುತ್ತದೆ. ಕತ್ತಿ ಬಿದ್ದ ಕಡೆ ಚೌಕಗಳ ಸಾಲು ತಪ್ಪುತ್ತದೆ. ಗಾಯದ ಸುತ್ತ ತೊಗಟೆ ಉಬ್ಬಿ ಒಳಕ್ಕೆ ಮಡಚಿಕೊಂಡಿರುತ್ತದೆ. ಬಟ್ಟೆಯ ಮೇಲೆ ಅದು ದಪ್ಪ ಉಂಗುರವಾಗಿ ಬರುತ್ತದೆ. ಹೊನ್ನೆಯಲ್ಲಿ ಹಸಿ ಗಾಯವಿದ್ದರೆ ಕೆಂಪು ರಸ ಬಟ್ಟೆಗೆ ಇಳಿಯುತ್ತದೆ. ಆ ಕಲೆಯನ್ನು ನಾನು ತೊಳೆಯುವುದಿಲ್ಲ, ಅದೂ ಚಿತ್ರವೇ. ಹೊಳಗೇರು ಮರದ ಹತ್ತಿರ ಮಾತ್ರ ಹೋಗಬೇಡಿ. ಸೊನೆ ತಾಗಿದರೆ ಗುಳ್ಳೆ ಏಳುತ್ತದೆ.

ಬಟ್ಟೆಗಳನ್ನು ಮೊದಲು ಊರಲ್ಲೇ, ಅಡಿಕೆ ಅಂಗಳದ ಚಪ್ಪರಕ್ಕೆ ತೂಗುಹಾಕಿದೆ. ಸೊಪ್ಪು ಕಡಿದು ರೂಢಿಯಿದ್ದ ಹಿರಿಯರೊಬ್ಬರು ಒಂದು ಅಚ್ಚಿನ ಮೇಲೆ ಬೆರಳಾಡಿಸಿ, "ತಮಾ, ಇದು ಗಡಿಬಿಡೀಲಿ ಕಡ್ದಿದ್ದು. ಕಾಂಡಕ್ಕೇ ಏಟು ಬಿದ್ದದೆ. ಕುಡಿ ಬಿಟ್ಟು ಕಡೀಬೇಕು, ಆಗ ಚಿಗುರ್ತದೆ" ಎಂದರು. ನನ್ನ ಕಲಾಕೃತಿ ನೋಡಿ ಯಾರೂ ನನಗೆ ಇಷ್ಟು ನಿಖರವಾಗಿ ಮಾತಾಡಿರಲಿಲ್ಲ. ಅಂದಿನಿಂದ ಪ್ರತಿ ಬಟ್ಟೆಯ ಅಂಚಿಗೂ ಕಡಿದವರ ಮಾತನ್ನೇ ನೂಲಿನಲ್ಲಿ ಹೊಲಿಯುತ್ತಿದ್ದೇನೆ.

ಈಗ ಆಳು ಸಿಗದೆ ಕೆಲವು ಬೆಟ್ಟಗಳಲ್ಲಿ ಸೊಪ್ಪು ಕಡಿಯುವುದೇ ನಿಂತಿದೆ. ಅಲ್ಲಿನ ಎಳೆ ಮರಗಳಿಗೆ ಗಂಟಿಲ್ಲ. ಅವುಗಳ ಅಚ್ಚನ್ನೂ ತೆಗೆಯುತ್ತಿದ್ದೇನೆ. ಅವುಗಳ ಅಂಚಿಗೆ ಏನು ಹೊಲಿಯಬೇಕು ಎನ್ನುವುದನ್ನು ಊರವರನ್ನೇ ಕೇಳಬೇಕು.