ಅಜ್ಜಿಯ ತುರುಬು ಅಜ್ಜಿಯೇ ಕಟ್ಟಲಿ

ಬದಿಯಡ್ಕದ ಹತ್ತಿರದ ಒಂದು ವೃದ್ಧಾಶ್ರಮಕ್ಕೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿ ಮಾಡಿಸಲು ಹೋಗುತ್ತೇನೆ. ನಮ್ಮ ಕಾಸರಗೋಡಿನ ಮಳೆ ಗೊತ್ತಲ್ವಾ, ಹಿಡಿದರೆ ಬಿಡುವುದಿಲ್ಲ, ಅಂಗಳವೆಲ್ಲ ಪಾಚಿ. ಹಾಗಾಗಿ ತಿಂಡಿ ಆದ ಮೇಲೆ ಎಲ್ಲರೂ ಜಗಲಿಯ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದ ಊಟದ ತನಕ ಅಲ್ಲೇ. ಮಳೆಗಾಲದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಮೂರು ನಾಲ್ಕು ಮಂದಿಗೆ ಮೊಣಕಾಲು ಪೂರ್ತಿ ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ.

ಒಬ್ಬರು ಅಜ್ಜಿ ಬಂದಾಗ ತಮ್ಮ ತುರುಬನ್ನು ತಾವೇ ಕಟ್ಟುತ್ತಿದ್ದರು. ನೋಡಿಕೊಳ್ಳುವ ಹುಡುಗಿ ಪ್ರೀತಿಯಿಂದಲೇ ತಲೆ ಬಾಚಿಕೊಡಲು ಶುರು ಮಾಡಿದಳು. ಎರಡು ತಿಂಗಳಲ್ಲಿ ಅಜ್ಜಿಯ ಕೈ ಕಿವಿಯಿಂದ ಮೇಲೆ ಹೋಗದ ಹಾಗಾಯಿತು. ನಾನೂ ಮೊದಲು ಮಲಗಿಸಿ ಕೈ ಎತ್ತಿಸುತ್ತಿದ್ದೆ ಅಷ್ಟೇ. ನಾನಿದ್ದಾಗ ಸಡಿಲ, ಮುಂದಿನ ಸಲ ಹೋದರೆ ಮತ್ತೆ ಬಿಗಿ. ದಿನವಿಡೀ ಆ ಕೈಗೆ ಕೆಲಸವೇ ಇರಲಿಲ್ಲವಲ್ಲ!

ಆಮೇಲೆ ಬಾಚಣಿಗೆಯನ್ನು ಅಜ್ಜಿಯ ಕೈಗೇ ಕೊಟ್ಟೆವು. ಮೊದಲು ಹೆಗಲಿಗೆ ಬಿಸಿ ಬಟ್ಟೆ, ಆಮೇಲೆ ಗೋಡೆಯ ಮೇಲೆ ಬೆರಳು ನಡೆಸುತ್ತಾ ಮೇಲಕ್ಕೆ. ಪ್ರತಿ ಸೋಮವಾರ ಬೆರಳು ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ. ಮೊದಲ ಎರಡು ವಾರ ಗೆರೆ ಮೇಲೇರಲೇ ಇಲ್ಲ, ಇದ್ದಲ್ಲೇ ಇತ್ತು.

ಉಳಿದವರಿಗೆ ಕುರ್ಚಿಯಲ್ಲೇ ಕೂತು ಒಂದು ಕಾಲು ಮುಂದೆ ಚಾಚಿ, ಹಿಮ್ಮಡಿ ನೆಲಕ್ಕೆ, ಬೆರಳು ತಮ್ಮ ಕಡೆಗೆ, ಮೂವತ್ತು ಎಣಿಸುವ ತನಕ. ಎಳೆದ ಹಾಗಾಗಬೇಕು, ನೋಯಬಾರದು. ಜೋರಾಗಿ ಎಣಿಸಲೇಬೇಕು, ಇಲ್ಲದಿದ್ದರೆ ಉಸಿರು ಕಟ್ಟಿಬಿಡುತ್ತಾರೆ. ಒಂದು ದಿನ ಕನ್ನಡ, ಒಂದು ದಿನ ತುಳು, ಒಂದು ದಿನ ಮಲಯಾಳ. ಮೂಳೆ ಸವೆದು ಪೊಳ್ಳಾದವರಿಗೆ (ಆಸ್ಟಿಯೊಪೊರೋಸಿಸ್) ಮಾತ್ರ ಸೊಂಟ ಬಗ್ಗಿಸುವ ವ್ಯಾಯಾಮ ಬೇಡ. ಎದ್ದ ಕೂಡಲೇ ನಡೆಸಲೂ ಬೇಡಿ, ತಲೆ ತಿರುಗಬಹುದು, ಕುರ್ಚಿ ಹಿಡಿದು ಸ್ವಲ್ಪ ನಿಲ್ಲಲಿ.

ಆರೋಗ್ಯವಾಗಿದ್ದ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ ಅಧ್ಯಯನವೊಂದು 2007ರಲ್ಲಿ ಬಂದಿತ್ತು. ಕಾಲುಗಳ ಮಾಂಸವೇ ಸುಮಾರು 1 ಕಿಲೋ ಇಳಿದಿತ್ತು. ಒಂದು ಕಿಲೋ ಅಕ್ಕಿ ಕಟ್ಟನ್ನು ಕೆಲಸದವರ ಕೈಗಿಟ್ಟು ಇದನ್ನು ಹೇಳಿದೆ. ಅಂದಿನಿಂದ ಅವರೇ ನೀರಿನ ಹೂಜಿಯನ್ನು ಜಗಲಿಯ ಆ ತುದಿಗೆ ಇಟ್ಟಿದ್ದಾರೆ. ಬಾಯಾರಿದರೆ, ಆಗುವವರು ಎದ್ದು ಹೋಗುತ್ತಾರೆ.

ಆರನೇ ವಾರ ಅಜ್ಜಿಯ ಕೈ ಹಿಂತಲೆ ಮುಟ್ಟಿತು. ತುರುಬು ಎರಡು ಸಲ ಬಿಚ್ಚಿಹೋಯಿತು. ಹುಡುಗಿ ಮುಂದೆ ಬಂದಾಗ ಅಜ್ಜಿ, "ನಿಲ್ಲು ಮಗಾ, ಓರೆಯಾದರೂ ನಾನೇ ಕಟ್ಟುತ್ತೇನೆ" ಎಂದರು. ಈಗ ಅವಳು ಪಿನ್ನು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾಳೆ, ಕೇಳಿದರೆ ಮಾತ್ರ ಕೊಡುತ್ತಾಳೆ.